ಹಗುರಾದಷ್ಟೂ ಮೇಲಕ್ಕಾ? - ಗೋಡೆ ಹತ್ತುವವರ ಹಸಿವಿನ ಕಥೆ

ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ ನಮ್ಮ ಹಿರಿಯರು. ಆದರೆ ತುತ್ತು ತುತ್ತಿಗೂ ಲೆಕ್ಕ ಹಾಕುತ್ತಾ ಹಾಕುತ್ತಾ ಊಟವನ್ನೇ ಬಿಟ್ಟುಬಿಡುವ ರೋಗವೂ ಒಂದಿದೆ. ವಿಲಿಯಂ ಗಲ್ ಎಂಬ ಇಂಗ್ಲಿಷ್ ವೈದ್ಯ 1873ರಲ್ಲೇ ಅದಕ್ಕೆ ಅನೊರೆಕ್ಸಿಯಾ ನರ್ವೋಸಾ ಅಂತ ಹೆಸರಿಟ್ಟ. ಇವತ್ತು ನಾನು ಬರೆಯಲು ಹೊರಟಿರುವುದು ಈ ಜಾತಿಯ ಕಾಯಿಲೆಗಳು ಕ್ಲೈಂಬಿಂಗ್ ಆಟದೊಳಗೆ ಹೇಗೆ ಮನೆ ಮಾಡಿಕೊಂಡವು, ಅವನ್ನು ಹೊರಗೆ ಹಾಕಲು ಯಾಕೆ ಇಷ್ಟು ಕಾಲ ಹಿಡಿಯಿತು ಅನ್ನುವುದರ ಬಗ್ಗೆ.

ಮೊದಲು ಗೋಡೆಯ ಕಥೆ. 1964ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಡಾನ್ ರಾಬಿನ್ಸನ್ ಎಂಬ ಮೇಷ್ಟ್ರು ಒಂದು ಓಣಿಯ ಇಟ್ಟಿಗೆ ಗೋಡೆಗೆ ಕಲ್ಲುಗಳನ್ನು ಕೂರಿಸಿ ಹತ್ತುವ ಗೋಡೆ ಮಾಡಿದರು. ಮಳೆ, ಚಳಿ ಅಂತ ಬಂಡೆಗೆ ಹೋಗಲಾಗದ ದಿನಗಳ ಅಭ್ಯಾಸಕ್ಕೆ ಅದು, ಅಷ್ಟೇ. 1985ರಲ್ಲಿ ಇಟಲಿಯ ಬಾರ್ದೊನೆಕ್ಕಿಯಾದಲ್ಲಿ ನಿಜವಾದ ಬಂಡೆಯ ಮೇಲೆ ದೊಡ್ಡ ಸ್ಪರ್ಧೆ ನಡೆಯಿತು. ಆಮೇಲೆ ಸ್ಪರ್ಧೆಗಳು ಕೃತಕ ಗೋಡೆಗೆ ಬಂದವು, 1989ರಲ್ಲಿ ವಿಶ್ವಕಪ್ ಶುರುವಾಯಿತು. ಅಲ್ಲಿಗೆ ಹವ್ಯಾಸ ಹೋಗಿ ಅಂಕ, ಪದಕ, ರ‍್ಯಾಂಕ್ ಬಂತು!

ಈ ಆಟದ ಲೆಕ್ಕ ನೋಡಿದರೆ ತುಂಬಾ ಸರಳ ಅನ್ನಿಸುತ್ತೆ. ನಿಮ್ಮ ಬೆರಳು ಹೊರಬೇಕಾದ್ದು ನಿಮ್ಮದೇ ತೂಕ. ಬೆರಳಿನ ಬಲ ಹೆಚ್ಚಿಸಲು ವರ್ಷಗಳು ಬೇಕು, ತೂಕ ಇಳಿಸಲು ಕೆಲವು ವಾರ ಸಾಕು. ಮೋಸ ಇರುವುದೇ ಇಲ್ಲಿ. ಏಕೆಂದರೆ ಈ ಅಡ್ಡದಾರಿ ಮೊದಮೊದಲು ಕೆಲಸ ಮಾಡುತ್ತದೆ! ನಿನ್ನೆ ಆಗದ ರೂಟ್ ಇವತ್ತು ಆಗುತ್ತದೆ, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ದೇಹ ಬಿಲ್ ಕಳಿಸುವುದು ಆಮೇಲೆ. ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ, ಹಾರ್ಮೋನು ಏರುಪೇರಾಗುತ್ತದೆ, ಮೂಳೆ ಸವೆದು ಬಿರುಕು ಬಿಡುತ್ತದೆ, ಎದೆಬಡಿತ ನಿಧಾನವಾಗುತ್ತದೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದನ್ನೆಲ್ಲ ಒಟ್ಟುಗೂಡಿಸಿ 'ರೆಡ್-ಎಸ್' ಅಂತ ಕರೆದರು. ಮಾಡುವ ಶ್ರಮಕ್ಕೆ ತಕ್ಕ ಆಹಾರ ಸಿಗದೆ ದೇಹ ಒಂದೊಂದೇ ಕೋಣೆಯ ದೀಪ ಆರಿಸುತ್ತಾ ಬರುವ ಸ್ಥಿತಿ ಅದು. ಗಂಡಸರಿಗೂ ಬರುತ್ತದೆ ಅಂತ ಸ್ಪಷ್ಟವಾಗಿ ಹೇಳಿದರು.

'ಮನಸ್ಸು ಗಟ್ಟಿ ಮಾಡಿ ಊಟ ಮಾಡಬಾರದಾ?' ಅಂತ ಕೇಳುವವರಿಗೆ ಒಂದು ಹಳೆಯ ಪ್ರಯೋಗ ನೆನಪಿಸಬೇಕು. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರು ಸೊರಗಿದ್ದು ಬಿಡಿ, ಮನಸ್ಸೇ ಬದಲಾಯಿತು. ಹಗಲೂ ರಾತ್ರಿ ಊಟದ್ದೇ ಧ್ಯಾನ, ಖಿನ್ನತೆ, ಸಿಡುಕು. ಅಂದರೆ ಹಸಿವು ತಲೆಯನ್ನೂ ಹಿಡಿಯುತ್ತದೆ. ಇಂಥ ಸುಳಿಯೊಳಗೆ ಬಿದ್ದವರಿಗೆ 'ಚೆನ್ನಾಗಿ ತಿನ್ನು' ಅಂತ ಬುದ್ಧಿ ಹೇಳಿದರೆ ಸಾಲದು.

ಬೇರೆ ಆಟಗಳು ಈ ಪಾಠವನ್ನು ಮೊದಲೇ ಕಲಿತಿದ್ದವು. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು. ಮರುವರ್ಷವೇ ನಿಯಮ ಬದಲಾಯಿತು. ಸ್ಕೀ ಜಂಪಿಂಗ್‌ನವರು 2004ರಲ್ಲಿ ಇನ್ನೂ ಜಾಣತನ ತೋರಿಸಿದರು. ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ಸ್ಕೀ ಗಿಡ್ಡ ಮಾಡಬೇಕು! ಗಿಡ್ಡ ಸ್ಕೀ ಅಂದರೆ ಹಾರಾಟ ಕಮ್ಮಿ. ಉಪವಾಸದಿಂದ ಸಿಗುವ ಲಾಭಕ್ಕೇ ಕತ್ತರಿ.

ಕ್ಲೈಂಬಿಂಗ್‌ನಲ್ಲಿ ಆಸ್ಟ್ರಿಯಾದಂಥ ದೇಶ ತನ್ನ ತಂಡಕ್ಕೆ ಬಿಎಂಐ ಮಿತಿ ಇಟ್ಟಿತ್ತು. ಅಂತಾರಾಷ್ಟ್ರೀಯ ಒಕ್ಕೂಟವಾದ ಐಎಫ್‌ಎಸ್‌ಸಿ ಕೂಡ ವರ್ಷಗಟ್ಟಲೆ ಅಳತೆ ತೆಗೆದುಕೊಂಡಿತು. ಆದರೆ ಅಳೆದ ಮೇಲೆ ಏನು ಮಾಡಿದಿರಿ ಅಂತ ಕೇಳಿದರೆ ಉತ್ತರ ಇರಲಿಲ್ಲ. ಅಮೆರಿಕದ ಕೈ ಲೈಟ್ನರ್ ಅಂಥ ಕ್ಲೈಂಬರ್‌ಗಳೇ ತಮ್ಮ ಕಾಯಿಲೆಯ ಬಗ್ಗೆ ಬಾಯಿಬಿಟ್ಟರು. ಬೆಳೆಯುವ ವಯಸ್ಸಿನ ಹುಡುಗ ಉದ್ದ ಆಗುವುದೇ ತಪ್ಪು ಅನ್ನುವ ಹಾಗಿತ್ತಂತೆ ಪರಿಸ್ಥಿತಿ. 2021ರಲ್ಲಿ ಕ್ಯಾರೊಲಿನ್ ಟ್ರೆಡ್‌ವೇ 'ಲೈಟ್' ಎಂಬ ಸಾಕ್ಷ್ಯಚಿತ್ರ ಮಾಡಿದರು. 2023ರಲ್ಲಿ ಐಎಫ್‌ಎಸ್‌ಸಿಯ ವೈದ್ಯಕೀಯ ಆಯೋಗದ ವೈದ್ಯರಾದ ಓಯ್ಗನ್ ಬುರ್ಟ್‌ಶರ್ ಮತ್ತು ಫೋಲ್ಕರ್ ಶೋಫ್ಲ್, ಹೇಳಿ ಹೇಳಿ ಸಾಕಾಗಿ ರಾಜೀನಾಮೆ ಕೊಟ್ಟರು. ಅದೇ ಜುಲೈಯಲ್ಲಿ ಒಲಿಂಪಿಕ್ ಚಿನ್ನದ ಹುಡುಗಿ ಯಾನ್ಯಾ ಗಾರ್ನ್‌ಬ್ರೆಟ್ ಬಹಿರಂಗವಾಗಿಯೇ ಇದನ್ನು ಪ್ರಶ್ನಿಸಿದಳು. ಕೊನೆಗೆ 2024ರಿಂದ ಹೊಸ ನಿಯಮ ಬಂತು. ಕ್ರೀಡಾಪಟುವಿನ ಆರೋಗ್ಯಕ್ಕೆ ಆಯಾ ದೇಶದ ಫೆಡರೇಷನ್ನೇ ಪ್ರಮಾಣಪತ್ರ ಕೊಡಬೇಕು. ಪ್ರಶ್ನಾವಳಿ, ಬಿಎಂಐ, ನಾಡಿಬಡಿತ, ರಕ್ತದೊತ್ತಡ ಎಲ್ಲ ನೋಡಬೇಕು.

1989ಕ್ಕೂ 2024ಕ್ಕೂ ಎಷ್ಟು ವರ್ಷ? ಮೂವತ್ತೈದು! ಈ ಇಡೀ ಕಥೆಯಲ್ಲಿ ನನ್ನನ್ನು ಕಾಡಿದ್ದು ಇದೇ. ವೈದ್ಯಶಾಸ್ತ್ರಕ್ಕೆ ಗೊತ್ತಿಲ್ಲದ್ದು ಹೆಚ್ಚೇನೂ ಇರಲಿಲ್ಲ. ಹಸಿದವರೇ ಗೆಲ್ಲುತ್ತಿದ್ದರು, ಆದ್ದರಿಂದ ಕೇಳುವವರು ಇರಲಿಲ್ಲ, ಅಷ್ಟೇ.

ಇದು ದೂರದ ಕಥೆ ಅಂತ ತಿಳಿಯಬೇಡಿ. ಬೆಂಗಳೂರಿನ ಕಂಠೀರವದ ಗೋಡೆಯಲ್ಲಿ, ಬಾದಾಮಿಯ ಕೆಂಪು ಬಂಡೆಯಲ್ಲಿ ನಮ್ಮ ಎಷ್ಟೋ ಮಕ್ಕಳು ಹತ್ತುವುದು ಕಲಿತಿದ್ದಾರೆ. ನಾನೂ ಭಾನುವಾರ ಒಂದು ಗೋಡೆಗೆ ಜೋತುಬೀಳುವ ಆಸಾಮಿ (ನನ್ನ ತೂಕ ಮಾತ್ರ ಕೇಳಬೇಡಿ :) ). ಅಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು 'ಅಂಕಲ್, ಎರಡು ಕೆಜಿ ಇಳಿಸಿದ್ರೆ ಇದು ಆಗ್ಬಿಡುತ್ತೆ' ಅಂದಾಗ 'ನೀನು ಬೆಳೀತಾ ಇದ್ದೀಯ ಪುಟ್ಟಿ, ಕಾಲಿಡೋ ಜಾಗ ಬದಲಾಯಿಸಿ ನೋಡು' ಅಂದೆ. ಆಮೇಲೆ ಅವಳ ಅಮ್ಮನ ಹತ್ತಿರವೂ ಮಾತಾಡಿದೆ.

ನಿಯಮ ವಿಶ್ವಕಪ್‌ಗೆ ಬಂತು, ನಮ್ಮ ಮನೆಗಳಿಗೆ ಬಂದಿಲ್ಲ. ನಮ್ಮಲ್ಲಿ 'ಸಣ್ಣಗಾಗಿದ್ದೀಯಲ್ಲೇ!' ಅನ್ನುವುದು ಹೊಗಳಿಕೆ, ಊಟ ಬಿಟ್ಟವರಿಗೆ ಮರ್ಯಾದೆ ಜಾಸ್ತಿ. ಕೋಚ್‌ಗಳು ಎಲ್ಲರೆದುರು ಮಕ್ಕಳ ತೂಕ ನೋಡಿ ಟೀಕೆ ಮಾಡುವುದು ನಿಲ್ಲಬೇಕು. ಮುಟ್ಟು ಮೂರು ತಿಂಗಳು ನಿಂತರೆ 'ಪ್ರಾಕ್ಟೀಸ್ ಜಾಸ್ತಿ, ಅದಕ್ಕೇ' ಅಂತ ಸುಮ್ಮನಿರದೆ ಡಾಕ್ಟರ ಹತ್ತಿರ ಹೋಗಬೇಕು. ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ತಪ್ಪಿಸುವ ಮಗುವನ್ನು ಗದರಿಸದೆ ಮಾತಾಡಿಸಬೇಕು, ಮನೋವೈದ್ಯರ ನೆರವು ಪಡೆಯಲು ನಾಚಬಾರದು.

ನಿಮ್ಮ ಮನೆಯಲ್ಲೂ ಓಟ, ನೃತ್ಯ, ಜಿಮ್ನಾಸ್ಟಿಕ್ಸ್ ಅಂತ ಓಡಾಡುವ ಮಕ್ಕಳಿರಬಹುದು. ಅವರು ಗೆದ್ದು ಬಂದ ದಿನ 'ಎಷ್ಟನೇ ಪ್ಲೇಸ್?' ಅಂತ ಕೇಳುತ್ತೇವೆ. 'ಊಟ ಆಯ್ತಾ?' ಅಂತಲೂ ಕೇಳ್ತೀವಾ? ನೀವೇನಂತೀರಿ?