ವಿದ್ಯಾಋಣ ಮತ್ತು ಹಳೆಯ ವಿದ್ಯಾರ್ಥಿಗಳು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವು ಇಂದು ವಿದ್ಯಾರ್ಥಿವೇತನದ ರೂಪವನ್ನು ತಾಳಿದೆ. ಕೊಟ್ಟವರ ಹೆಸರು ಶಿಲಾಫಲಕಗಳಲ್ಲಿ ಉಳಿಯುತ್ತದೆ. ಪಡೆದವರು ಮುಂದೇನು ಮಾಡಿದರೆಂಬುದೂ ಅರಿಯತಕ್ಕ ವಿಷಯವೇ.

ಸಾಗರದ ಬಳಿಯ ವರದಹಳ್ಳಿಯಲ್ಲಿ ಶ್ರೀಧರ ಸ್ವಾಮಿಗಳ (1908–1973) ಸಮಾಧಿಯಿದೆ. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ಪುಣೆಯ ಅನಾಥ ವಿದ್ಯಾರ್ಥಿ ಗೃಹದಲ್ಲಿದ್ದು ಓದಿದವರು. 1909ರಲ್ಲಿ ಆರಂಭವಾದ ಆ ಸಂಸ್ಥೆಯು ಸಮಾಜದ ನೆರವಿನಿಂದ ಬಡ ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆಗಳನ್ನು ಒದಗಿಸಿತು. ನಮ್ಮ ನಾಡಿನಲ್ಲಿ ವಾರಾನ್ನದ ಪದ್ಧತಿಯಿತ್ತು. ವಿದ್ಯಾರ್ಥಿಯು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದನು. ಒಂದೇ ಮನೆಗೆ ಭಾರವಾಗುತ್ತಿರಲಿಲ್ಲ. ಹೂವನ್ನು ನೋಯಿಸದೆ ಮಧುವನ್ನು ಕೊಳ್ಳುವ ದುಂಬಿಯಂತೆ ಮುನಿಗಳು ಆಹಾರ ಸ್ವೀಕರಿಸುವ ಭ್ರಾಮರೀ ವೃತ್ತಿಯು ಶ್ರಾವಕರಿಗೆ ಇಲ್ಲಿ ನೆನಪಾಗದಿರದು.

ಹೀಗೆ ಪಡೆದ ವಿದ್ಯೆಯ ಋಣವನ್ನು ತೀರಿಸಿದ ಬಗೆಗಳು ಹಲವು. ಮುದುವೊಳಲಿನ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ದಕ್ಷಿಣಕ್ಕೆ ಬಂದು ಅಜಿತಸೇನಾಚಾರ್ಯರಲ್ಲಿ ಕಲಿತನು. ಚಾವುಂಡರಾಯನೂ ದಾನಚಿಂತಾಮಣಿ ಅತ್ತಿಮಬ್ಬೆಯೂ ಅವನಿಗೆ ಆಶ್ರಯವಿತ್ತರು. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು ಅವನು ಕೃತಜ್ಞತೆ ತೋರಿದನು.

ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತ 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. ಅವರು ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ನಮ್ಮ ಜಿಲ್ಲೆಯ ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಸಲ್ಲಿಸಿದ ಸೇವೆಗಾಗಿ ತಮಗೆ ಬರಬೇಕಾದ ಸಂಭಾವನೆಯನ್ನು ಅವರು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು.

ಮೂರನೆಯದು ಶ್ರಮದ ಮಾರ್ಗ. ಎಸ್. ಎಸ್. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಮಂದಿ ತರುಣ ಪದವೀಧರರು ಹಿರಿಯರ ಬೆಂಬಲದಿಂದ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಶಾಲೆಯೊಂದನ್ನು ತೆರೆದರು. ಕೆ.ಎಲ್.ಇ. ಸಂಸ್ಥೆಗೆ ಅದೇ ಬೀಜ. ದೊಡ್ಡ ಹುದ್ದೆಗಳನ್ನು ಬಯಸದೆ ಅವರು ಅಲ್ಪ ವೇತನಕ್ಕೆ ದುಡಿದರು. ಸಂಸ್ಥೆಗಾಗಿ ಊರೂರು ತಿರುಗಿ ಹಣ ಕೂಡಿಸಿದರು. 1933ರಲ್ಲಿ ಅಲ್ಲಿ ಲಿಂಗರಾಜ ಕಾಲೇಜು ಆರಂಭವಾಯಿತು. ತಾವು ಓದಿ ಮುಗಿಸಿದವರೇ ಓದಲಿರುವವರ ಪರವಾಗಿ ಕೈಯೊಡ್ಡಿದ್ದು ಇದರ ವಿಶೇಷ.

ನಮ್ಮ ಟ್ರಸ್ಟುಗಳು ಗಮನಿಸಬೇಕಾದುದು ಇದನ್ನೇ. ಸಾಲದ ಲೆಕ್ಕ ಬೇರೆ, ದಾನದ ಲೆಕ್ಕ ಬೇರೆ ಎಂಬುದು ವ್ಯಾಪಾರಸ್ಥರಿಗೆ ಗೊತ್ತು. ಕೊಟ್ಟ ಟ್ರಸ್ಟೇ ಪಡೆದವನಿಂದ ಮರಳಿ ಕೇಳಿದರೆ ದಾನವು ಸಾಲವಾಗುತ್ತದೆ, ಅವನ ಮನಸ್ಸೂ ನೋಯುತ್ತದೆ. ಹಳೆಯ ವಿದ್ಯಾರ್ಥಿಯೊಬ್ಬನು ತಾನಾಗಿ ಸಹಪಾಠಿಯ ಮನೆಗೆ ಹೋಗಿ “ನಾನೂ ಪಡೆದವನೇ, ಇಬ್ಬರೂ ಸೇರಿ ಒಬ್ಬ ಹುಡುಗಿಯನ್ನು ಓದಿಸೋಣ” ಎಂದರೆ ಅಲ್ಲಿ ಹಂಗಿನ ಮಾತಿಲ್ಲ. ನೋಯಿಸದೆ ಕೇಳುವ ಅಧಿಕಾರ ಅವನಿಗಿರುವಷ್ಟು ಶ್ರೀಮಂತ ದಾನಿಗೂ ಇಲ್ಲ.

ಆದ್ದರಿಂದ ಪ್ರತಿ ಬಸದಿಯ ಟ್ರಸ್ಟು ತನ್ನ ನೆರವಿನಿಂದ ಓದಿದವರ ಪಟ್ಟಿಯನ್ನು ಕಾಪಾಡಲಿ. ಅದನ್ನು ಪ್ರಕಟಿಸುವುದು ಬೇಡ. ಅವರಲ್ಲಿ ಒಪ್ಪಿದವರಿಗೆ ನಿಧಿಸಂಗ್ರಹದ ಹೊಣೆಯನ್ನೊಪ್ಪಿಸಿ, ವರ್ಷಕ್ಕೊಮ್ಮೆ ಲೆಕ್ಕವನ್ನು ಸಭೆಯ ಮುಂದಿಡಲಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳ್ಳಿಗಳಿಂದ ಓದಲೆಂದು ಮನೆ ಬಿಟ್ಟು ದೂರ ಹೋಗುವ ಮಕ್ಕಳಿಗೆ ಶುಲ್ಕದಷ್ಟೇ ಊಟ, ವಸತಿಗಳ ಖರ್ಚೂ ಭಾರ. ಆ ಭಾರವನ್ನು ತಾನೇ ಹೊತ್ತು ಬಲ್ಲವನು ಕೇಳಲು ಹೊರಟರೆ ಬರಿಗೈಯಲ್ಲಿ ಹಿಂದಿರುಗಲಾರನು.