ಬೇಲಿಯ ಕತ್ತಾಳೆ, ಒಲೆಯ ಸೂಜಿಮೆಣಸು

ಕೊಟ್ಟಿಗೆಹಾರದಲ್ಲಿ ಮಳೆ ಹಿಡಿದರೆ ಬಟ್ಟೆ ಒಣಗುವುದೂ ಒಲೆಯ ಮೇಲೆಯೇ. ಅಂಥ ಒಂದು ಸಂಜೆ ಬೆಂಗಳೂರಿನಿಂದ ಬಂದ ಗೆಳೆಯ ಮೆಕ್ಸಿಕೋದ ಮೆಜ್ಕಾಲ್ ಬಾಟಲಿ ತೆಗೆದ. ಮುಚ್ಚಳ ಬಿಚ್ಚಿ ಮೂಸಿದ ನಮಗೆಲ್ಲ ನೆನಪಾದದ್ದು ನಮ್ಮ ಅಡುಗೆಮನೆಯ ಅಟ್ಟ. ಸೌದೆ ಹೊಗೆಯ ಅದೇ ವಾಸನೆ.

ಇದು ಕತ್ತಾಳೆಯಿಂದ ಆದದ್ದು ಎಂದಾಗ ಯಾರೂ ನಂಬಲಿಲ್ಲ. ನಮಗೆ ಕತ್ತಾಳೆ ಎಂದರೆ ಕಡೂರಿನ ಕಡೆ ಹೊಲಕ್ಕೆ ಹಾಕುವ ಮುಳ್ಳಿನ ಬೇಲಿ, ಹೆಚ್ಚೆಂದರೆ ದನ ಕಟ್ಟುವ ಹಗ್ಗ. ಮೆಕ್ಸಿಕೋದ ಓಹಾಕಾ ಸೀಮೆಯಲ್ಲಿ ಅದೇ ಕುಲದ ಗಿಡವನ್ನು ಆರೆಂಟು ವರ್ಷ ಬೆಳೆಸಿ, ಎಲೆ ಕಡಿದು, ಗಡ್ಡೆಯಂಥ ತಿರುಳನ್ನು ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಹಾಕಿ, ಮಣ್ಣು ಮುಚ್ಚಿ ದಿನಗಟ್ಟಲೆ ಬೇಯಿಸುತ್ತಾರೆ. ಆಮೇಲೆ ಜಜ್ಜಿ, ಹುಳಿ ಬರಿಸಿ, ಭಟ್ಟಿ ಇಳಿಸುತ್ತಾರೆ. ಹೊಗೆ ಸೇರುವುದು ಆ ಗುಂಡಿಯಲ್ಲೇ. ಅಲ್ಲಿನ ನಾವಾಟಲ್ ಭಾಷೆಯಲ್ಲಿ ಹೆಸರಿನ ಅರ್ಥವೇ 'ಬೇಯಿಸಿದ ಕತ್ತಾಳೆ'.

ಕತ್ತಾಳೆಯೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದಲೇ ಬಂದವು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಇಳಿಯಿತು. ಅಲ್ಲಿಯವರೆಗೆ ಮೆಣಸು ಎಂದರೆ ಬಳ್ಳಿಯ ಕಾಳು ಒಂದೇ. ಹೊಸಬ ಬಂದು ಹೆಸರನ್ನೇ ಹೊಡೆದುಕೊಂಡ ಮೇಲೆ ಹಳಬ 'ಕರಿಮೆಣಸು', 'ಒಳ್ಳೆಮೆಣಸು' ಆಗಬೇಕಾಯಿತು. ಈಗ ಕಾಫಿ ಗಿಡಗಳ ನಡುವೆ ಹಕ್ಕಿ ಬಿತ್ತಿದ ಸೂಜಿಮೆಣಸನ್ನು ಪರದೇಶಿ ಎಂದರೆ ಜಗಳಕ್ಕೇ ಬಂದಾರು. ಕತ್ತಾಳೆ ಮಾತ್ರ ಬೇಲಿ ದಾಟಿ ಒಳಗೆ ಬರಲಿಲ್ಲ.

ಮೆಜ್ಕಾಲಿಗೂ ಮರ್ಯಾದೆ ಸುಲಭವಾಗಿ ಸಿಗಲಿಲ್ಲ. ತಮ್ಮ ದೇಶದ ಮದ್ಯದ ವ್ಯಾಪಾರ ಕೆಡುತ್ತದೆಂದು ಸ್ಪೇನಿನ ದೊರೆ 1785ರಲ್ಲಿ ಅದನ್ನು ನಿಷೇಧಿಸಿದ್ದ. ಹಳ್ಳಿಯವರು ಕದ್ದು ಇಳಿಸಿದರು. 1994ರಲ್ಲಿ ಆ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ನಮ್ಮ ನೆರೆಯ ಗೋವಾದಲ್ಲೂ ಹಾಗೆಯೇ: ಅಮೆರಿಕದಿಂದ ಬಂದ ಗೇರಿನ ಹಣ್ಣಿನ ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತು ದೊರೆಯಿತು.

ನಮ್ಮ ಕತೆ ಬೇರೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ನಿಂತದ್ದು ಕೆಟ್ಟದ್ದೆಂದು ನಾವು ಹೇಳಲಾರೆವು. ತೋಟದ ಲೈನ್ ಮನೆಗಳ ಹೆಂಗಸರನ್ನು ಕೇಳಿ, ಬಟವಾಡೆಯ ದುಡ್ಡು ಸಂಜೆಯೊಳಗೆ ಪ್ಯಾಕೆಟ್ ಸಾರಾಯಿಯಾಗಿ ಕರಗುತ್ತಿದ್ದ ದಿನಗಳನ್ನು ಹೇಳುತ್ತಾರೆ. ಕಳ್ಳಭಟ್ಟಿಯ ಲೆಕ್ಕ ಇನ್ನೂ ಕೆಟ್ಟದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಂತ ಮರುವರ್ಷ, 2008ರ ಮೇನಲ್ಲಿ, ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ 150ಕ್ಕೂ ಹೆಚ್ಚು ಮಂದಿ. ಕೊಂದದ್ದು ಮೆಥನಾಲ್, ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು. ಅದಕ್ಕೇ ಒಂದು ಮಾತು: ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ, ಅಪಾಯ ಕೂಡ. ನಾವು ಬೆರೆಸಿದ್ದಷ್ಟೇ. ಆದರೆ ಕೂಲಿಯವರ ಕೈಯಲ್ಲಿದ್ದಾಗ ಪಿಡುಗಾಗಿದ್ದ ಹಳ್ಳಿ ಮದ್ಯ, ದೂರದ ಹಳ್ಳಿಯದಾಗಿ ಬಾಟಲಿಯಲ್ಲಿ ಬಂದರೆ ಹೋಮ್‌ಸ್ಟೇಯಲ್ಲಿ ಹೆಮ್ಮೆಯಾಗುವುದು ನಮಗೆ ಆ ಸಂಜೆ ಸ್ವಲ್ಪ ಚುಚ್ಚಿತು.

ದಖ್ಖನಿನ ಕತ್ತಾಳೆಯನ್ನೂ ಯಾರೂ ಮುಟ್ಟಿಲ್ಲ ಎಂದಲ್ಲ. ಡೆಸ್ಮಂಡ್ ನಜರೆತ್ ಎಂಬವರು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಅದರಿಂದ ಮದ್ಯ ಮಾಡಿ ಮಾರಿದರು. ಅದನ್ನು ಮೆಜ್ಕಾಲ್ ಎನ್ನುವಂತಿಲ್ಲ, ಆ ಹೆಸರು ಮೆಕ್ಸಿಕೋದ್ದು.

ಇನ್ನು ನಮ್ಮ ಲೋಟ. ಸಮಪಾಲು ಬೆಲ್ಲ, ನೀರು ಕುದಿಸಿ ಪಾಕ ಮಾಡಿ, ಒಂದೇ ಒಂದು ಸೂಜಿಮೆಣಸು ಸೀಳಿ ಹತ್ತು ನಿಮಿಷ ಬಿಟ್ಟು ತೆಗೆದೆವು. ನಿಂಬೆಯನ್ನು ಹೋಳು ಮಾಡಿ ಕೆಂಡದ ಮೇಲೆ ಕಪ್ಪಾಗುವವರೆಗೆ ಸುಟ್ಟು ಹಿಂಡಿದೆವು. 45 ಮಿಲಿ ಮೆಜ್ಕಾಲ್, 25 ಮಿಲಿ ನಿಂಬೆರಸ, 20 ಮಿಲಿ ಪಾಕ, ಚಿಟಿಕೆ ಉಪ್ಪು, ಐಸು. ಹೊಗೆ ಸಾಲದೆನಿಸಿದರೆ ತೆಂಗಿನ ಚಿಪ್ಪಿನ ಕೆಂಡದ ಮೇಲೆ ಕಾಫಿ ಗಿಡದ ಒಣ ಚಕ್ಕೆ ಹಾಕಿ, ಸ್ಟೀಲ್ ಲೋಟವನ್ನು ಅರೆ ನಿಮಿಷ ಬೋರಲು ಹಿಡಿಯಬೇಕು. ಕುಡಿಯದವರಿಗೆ ಅದೇ ಲೋಟದಲ್ಲಿ ಮೆಜ್ಕಾಲ್ ಬಿಟ್ಟು ತಣ್ಣೀರು. ಅದೇ ಹೆಚ್ಚು ಖರ್ಚಾಯಿತು.

ಖಾರಕ್ಕೂ ಹೊಗೆ ಹಿಡಿಸೋಣವೆಂದು ಒಬ್ಬ ಒಣಮೆಣಸನ್ನೇ ಕೆಂಡಕ್ಕೆ ಎಸೆದ. ಎಲ್ಲರೂ ಕೆಮ್ಮುತ್ತ ಮಳೆಗೆ ಓಡಿದೆವು. ಒಳಗಿನಿಂದ ಅಜ್ಜಿ ಕೂಗಿದರು: "ಯಾರಿಗ್ರೋ ದೃಷ್ಟಿ ತೆಗೀತಿರೋದು? ಇಷ್ಟು ಘಾಟು ಬಂತಲ್ಲ, ದೃಷ್ಟಿ ಏನೂ ಆಗಿಲ್ಲ ಬಿಡಿ."