ಗಂಟು ಹಾಕದ ಗಣಿತ

ಸುಡೊಕುವಿಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ಹಾವರ್ಡ್ ಗಾರ್ನ್ಸ್. 1979ರಲ್ಲಿ ಅಚ್ಚಾದ ಆ ಒಗಟು 1984ರಲ್ಲಿ ಜಪಾನಿಗೆ ಹೋಗಿ ಹೊಸ ಹೆಸರು ಪಡೆಯಿತು, 2004ರಲ್ಲಿ ಲಂಡನ್ನಿನ ಪತ್ರಿಕೆ ಸೇರಿ ಲೋಕವನ್ನೆಲ್ಲ ಸುತ್ತಿತು. ಸಾಲು, ಕಂಬಸಾಲು, ಚೌಕಗಳ ಕಟ್ಟಳೆ ಸಾಲದೆನಿಸಿದವರು ಕರ್ಣದಲ್ಲೂ ಅಂಕಿ ಮರಳಬಾರದು, ಚದುರಂಗದ ಕುದುರೆ ಜಿಗಿಯುವ ಮನೆಯಲ್ಲೂ ಅದೇ ಅಂಕಿ ಇರಬಾರದು, ಗೆರೆ ಹಾಕಿದ ಮನೆಗಳ ಮೊತ್ತ ಇಷ್ಟೇ ಬರಬೇಕು ಎಂದು ನಿಯಮದ ಮೇಲೆ ನಿಯಮ ಪೇರಿಸಿದರು. ಆದರೆ ಚೌಕಳಿಯ ಮೇಲೆ ಹಲವು ಕಟ್ಟಳೆಗಳನ್ನು ಒಮ್ಮೆಗೇ ಪಾಲಿಸುವ ಜಾಣ್ಮೆ ಪತ್ರಿಕೆಗಳೊಂದಿಗೆ ಹುಟ್ಟಿದ್ದಲ್ಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಿರುವ ಬೆಳಗಾವಿ–ಧಾರವಾಡ ಸೀಮೆಯ ಹೆಣ್ಣುಮಕ್ಕಳು ಅದನ್ನು ಸೂಜಿಯ ತುದಿಯಲ್ಲಿ ಸಾಧಿಸಿದ್ದರು. ಕಸೂತಿಯನ್ನು ಅಲಂಕಾರದ ಚರಿತ್ರೆಯಲ್ಲಷ್ಟೇ ಅಲ್ಲ, ಬುದ್ಧಿಯ ಚರಿತ್ರೆಯಲ್ಲೂ ಸೇರಿಸಬೇಕು.

ಇದು ಹತ್ತಿಯ ಸೀಮೆ. ಬೈಲಹೊಂಗಲ ಹತ್ತಿಯ ಪೇಟೆ. ರಾಮದುರ್ಗ ತಾಲ್ಲೂಕಿನ ಸುರೇಬಾನ ನೇಕಾರರ ಊರು. ನೇಯ್ದ ಬಟ್ಟೆಯ ಹಾಸು–ಹೊಕ್ಕುಗಳೇ ಕಸೂತಿಯ ಚೌಕಳಿ. ಇಳಕಲ್ ಸೀರೆಯ ಸೆರಗಿಗೋ, ಮದುವಣಗಿತ್ತಿಯ ಕರಿ ಚಂದ್ರಕಾಳಿ ಸೀರೆಗೋ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಹಾಕುವಾಗ ಬಟ್ಟೆಯ ಮೇಲೆ ಗೆರೆ ಬರೆಯುವಂತಿಲ್ಲ, ಎಳೆ ಎಣಿಸಿಯೇ ಸಾಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರ ಕಾಣಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ. ಬಿಟ್ಟ ಜಾಗ ತುಂಬುವುದು ಸೂಜಿ ಮರಳಿ ಬರುವಾಗ. ಹಾಗಾಗಿ ಆಕೃತಿಯ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯ್ದು, ಹೊರಟಲ್ಲಿಗೇ ಬಂದು ಸೇರಬೇಕು. 1736ರಲ್ಲಿ ಗಣಿತಜ್ಞ ಆಯ್ಲರ್ ಕ್ಯೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲಾಗದೆಂದು ತೋರಿಸಿದ್ದು ಇಂಥ ದಾರಿಯ ಲೆಕ್ಕದಿಂದಲೇ. ಸುಡೊಕುವಿನ ಪೂರ್ವಜ ಎನ್ನಬಹುದಾದ ಲ್ಯಾಟಿನ್ ಚೌಕಗಳ ಮೇಲೆ 1782ರಲ್ಲಿ ಬರೆದವನೂ ಅವನೇ.

ಒಗಟಿಗೆ ಒಂದೇ ಉತ್ತರವಿರುತ್ತದೆ, ಕಸೂತಿಗೆ ದಾರಿಗಳು ಹಲವು, ಎಂದು ಆಕ್ಷೇಪಿಸಬಹುದು. ಅದಕ್ಕಿಂತ ಬಲವಾದ ಆಕ್ಷೇಪವೂ ಇದೆ: ಪ್ರತಿ ಗೆರೆಯನ್ನು ಎರಡು ಸಲ ಹಾಯಲು ಬಿಟ್ಟರೆ, ಬಿಡಿಬಿಡಿಯಾಗಿರದ ಯಾವ ಆಕೃತಿಯಲ್ಲೂ ಮರಳುವ ದಾರಿ ಇದ್ದೇ ಇರುತ್ತದೆ; ಅಂದಮೇಲೆ ಕಷ್ಟವೆಲ್ಲಿ? ದಾರಿ ಇದೆ ಎನ್ನುವುದು ಬೇರೆ, ಅದನ್ನು ತಪ್ಪದೆ ಹಿಡಿಯುವುದು ಬೇರೆ. ಗೋಪುರದ ಕವಲೊಂದನ್ನು ಯಾವಾಗ ಹೊಕ್ಕು ಯಾವಾಗ ಹೊರಬರಬೇಕೆಂಬುದು ಮೊದಲೇ ಕಾಣದಿದ್ದರೆ, ಒಂದು ಗೆರೆ ಅರ್ಧಕ್ಕೇ ಉಳಿಯುತ್ತದೆ, ಇಲ್ಲವೇ ದಾರ ಹಿಂಬದಿಯಲ್ಲಿ ಅಡ್ಡಹಾಯ್ದು ಗುಟ್ಟು ಬಿಟ್ಟುಕೊಡುತ್ತದೆ. ಒಂದೆಳೆ ತಪ್ಪಿ ಎಣಿಸಿದರೂ ಅದು ಆಗಲೇ ತಿಳಿಯದು. ಎರಡು ಬದಿಯ ಗೆರೆಗಳು ಕಳಸದಲ್ಲಿ ಕೂಡದಾದಾಗ ತಿಳಿಯುತ್ತದೆ. ತಪ್ಪು ಅಂಕಿಯೊಂದು ಕೊನೆಯ ಮನೆಯವರೆಗೂ ಅಡಗಿ ಕೂರುವ ಸುಡೊಕುವಿನ ಪಾಡೂ ಇದೇ.

ಹೆಂಗಸರು ಒಗಟು ಬಿಡಿಸುತ್ತಿರಲಿಲ್ಲ, ಅವ್ವನಿಂದ ಕಲಿತದ್ದನ್ನು ಬಾಯಿಪಾಠದಂತೆ ಹಾಕುತ್ತಿದ್ದರು ಎನ್ನುವವರೂ ಇದ್ದಾರೆ. ಒಂದು ತೇರಿನ ಮಟ್ಟಿಗೆ ಅದು ನಿಜವಿರಬಹುದು. ಆದರೆ ಎಳೆಯ ನವಿರು ಬಟ್ಟೆಯಿಂದ ಬಟ್ಟೆಗೆ ಬೇರೆ. ಸೆರಗಿನ ಅಗಲಕ್ಕೆ ತೇರುಗಳ ಸಾಲು ಸರಿಹೊಂದಬೇಕು, ಕುಬಸದ ಅಂಚು ಮೂಲೆಯಲ್ಲಿ ತಿರುಗಬೇಕು. ಅಲ್ಲಿ ಬಾಯಿಪಾಠ ನಿಂತು ಲೆಕ್ಕ ಶುರುವಾಗುತ್ತದೆ. ಅದನ್ನು ಅವರು ಗಣಿತವೆಂದು ಕರೆಯಲಿಲ್ಲ, ನಿಜ; ಹೆಸರಿಡದೆಯೂ ಲೆಕ್ಕ ನಡೆಯುತ್ತದೆ. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿ ಹೆಸರಿಗೆ ಕಾವಲು ಬಂತು. ಚೌಕಳಿ ಹಾಳೆಯಲ್ಲಿ ಇಳಿಸಿಕೊಂಡ ನಮೂನೆಗಳೂ ಉಳಿದಾವು. ಆದರೆ ಆ ಹಾಳೆಯಲ್ಲಿ ಕಾಣುವುದು ತೇರು ಮಾತ್ರ. ಸೂಜಿ ಎಲ್ಲಿ ಹೊಕ್ಕು ಎಲ್ಲಿ ಮರಳಿತೆಂಬುದು ಕಾಣುವುದಿಲ್ಲ. ಉತ್ತರವನ್ನಷ್ಟೇ ಕಾದಿಟ್ಟು ಬಿಡಿಸುವ ಬಗೆಯನ್ನು ಮರೆತರೆ, ಈ ಸೀಮೆಯ ಅತಿ ಹಳೆಯ ಒಗಟುಗಳಲ್ಲೊಂದನ್ನು ನಾವು ಬರೀ ಚಿತ್ರವೆಂದೇ ನೋಡುತ್ತ ಉಳಿಯುತ್ತೇವೆ.